ಐದರೊಳಗೆ ಐದು ಹೋದರೆ

ನನ್ನ ತಮ್ಮ ಅಮರಗುಂಡಪ್ಪನಿಗೆ ಗಾಬರಿಯಾದರೆ ಎಣಿಕೆ ಉರ್ದುವಿನಲ್ಲಿ ಬರುತ್ತಿತ್ತು. ಸಮಾಧಾನದಲ್ಲಿದ್ದಾಗ ಕನ್ನಡ. ಇದು ಅವನ ತಪ್ಪಲ್ಲ. ಅವನು ಮಗ್ಗಿ ಕಲಿತದ್ದು ನಿಜಾಮರ ಕಾಲದ ಶಾಲೆಯಲ್ಲಿ, ‘ದೋ ದೂನಿ ಚಾರ್’ ಎಂದು. ಪೊಲೀಸ್ ಆಕ್ಷನ್ ಆಯಿತು, ಸರಕಾರ ಬದಲಾಯಿತು, ಶಾಲೆಯ ಭಾಷೆ ಕನ್ನಡವಾಯಿತು. ಮಾಸ್ತರನಾಗಿದ್ದ ನನ್ನ ತಮ್ಮ ಮಾತ್ರ ಬದಲಾಗದೆ ಅವನೇ ಉಳಿದ. ಹೀಗಾಗಿ ನಮ್ಮ ಮಸ್ಕಿಯ ಓಣಿಯವರು ಮಾಸ್ತರ ಹೇಗಿದ್ದಾನೆಂದು ತಿಳಿಯಬೇಕಾದರೆ ಮುಖ ನೋಡುತ್ತಿರಲಿಲ್ಲ. ಏನನ್ನಾದರೂ ಎಣಿಸಲು ಹೇಳುತ್ತಿದ್ದರು.

ಆ ದಿನ ಮುಂಜಾನೆ ಅವನು ಹಿತ್ತಲಲ್ಲಿ ಒಣಗಿದ ಸೆಗಣಿಯ ಕುಳ್ಳು ಎಣಿಸಿ ನನ್ನ ಬುಟ್ಟಿಗೆ ಹಾಕುತ್ತಿದ್ದ. “ಹನ್ನೊಂದು, ಹನ್ನೆರಡು...” ಆಗ ಲಿಂಗಸೂಗೂರಿನ ಕಚೇರಿಯ ಜವಾನ ಬಸ್ಸಪ್ಪ ಸೈಕಲ್ಲನ್ನು ನಮ್ಮ ಕಟ್ಟೆಗೆ ಒರಗಿಸಿ ಒಳಗೆ ಬಂದ. ಬಸ್ಸಪ್ಪನಿಗೆ ಸರಕಾರದ ಗುಟ್ಟೆಲ್ಲ ಗೊತ್ತು ಎಂಬುದು ಬಸ್ಸಪ್ಪನ ಅಭಿಪ್ರಾಯವಾಗಿತ್ತು.

“ಮಾಸ್ತರ್ರ, ಹೈದರಾಬಾದಿನಿಂದ ಒಬ್ಬ ಸಾಹೇಬ್ರು ಬರಾಕತ್ತಾರ. ಲೆಕ್ಕದಾಗ ತಿಳಿವಳಿಕಿ ಎಷ್ಟೈತಿ ಅಂತ ನೋಡ್ತಾರಂತ.”

“ನೋಡ್ಲಿ ಬಿಡು. ಮಕ್ಕಳು ಅಷ್ಟಿಷ್ಟು ಹೇಳ್ತಾವ.”

“ಮಕ್ಕಳದೂ ನೋಡ್ತಾರ. ಮಾಸ್ತರದೂ ನೋಡ್ತಾರ.”

ನನ್ನ ತಮ್ಮನ ಕೈಯಲ್ಲಿದ್ದ ಕುಳ್ಳು ಬುಟ್ಟಿಗೆ ಬೀಳದೆ ಕಾಲ ಮೇಲೆ ಬಿತ್ತು.

“ತೇರಾ,” ಅಂದ ಅವನು. “ಚೌದಾ.”

ಗಾಬರಿಯಾಗಲು ಕಾರಣವಿತ್ತು. ಅವನು ಹಂಗಾಮಿ ಮಾಸ್ತರ. ಜವಳಗೇರಾದ ದೊಡ್ಡಬಸಪ್ಪ ತನ್ನ ಮಗಳು ಸಂಗಮ್ಮನನ್ನು ಕೊಡಲು ಒಪ್ಪಿದ್ದ. ಆದರೆ ಎಲೆಅಡಿಕೆ ಬಾಯಿಗೆ ಹಾಕುವ ಮುಂಚೆ ಒಂದು ಮಾತು ಹಾಕಿದ್ದ. “ಕಾಯಂ ಆಗ್ಲಿ, ಕೊಡ್ತೀನಿ. ಹಂಗಾಮಿ ಅಳಿಯನ್ನ ನಾ ಮಾಡ್ಕೊಳ್ಳಾಂಗಿಲ್ಲ.” ಆ ಹುಡುಗಿಯನ್ನು ನನ್ನ ತಮ್ಮ ಒಮ್ಮೆ ನೋಡಿದ್ದ. ನೋಡಿ ಬಂದವನು ಹೋಳಿಗೆಯನ್ನು ಉಪ್ಪಿನಕಾಯಿಯೊಂದಿಗೆ ತಿಂದಿದ್ದ. ಈಗ ಸಾಹೇಬರು ಮೆಚ್ಚಿದರೆ ಕಾಯಂ, ಕಾಯಂ ಆದರೆ ಸಂಗಮ್ಮ. ಮೆಚ್ಚದಿದ್ದರೆ ನೌಕರಿಯೂ ಇಲ್ಲ, ಸಂಗಮ್ಮನೂ ಇಲ್ಲ, ಎಣಿಸಲು ನನ್ನ ಕುಳ್ಳುಗಳು ಮಾತ್ರ.

ನಮ್ಮ ಶಾಲೆಯೆಂದರೆ ಮನೆಯ ಎದುರಿನ ಮಠದ ಪಡಸಾಲೆ. ಅಲ್ಲಿ ಪಿಸುಗುಟ್ಟಿದರೂ ನಮ್ಮ ಒಲೆಯ ಮುಂದೆ ಕೇಳುತ್ತಿತ್ತು. ಆ ವಾರ ಯಾರೂ ಪಿಸುಗುಟ್ಟಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕೂಡುವುದು, ಕಳೆಯುವುದು, ಮಗ್ಗಿ, ಎಲ್ಲ ಒಂದೇ ಕಂಠದಲ್ಲಿ. ಪಕ್ಕದ ಮನೆಯ ಹಸೀನಾಬೀ ಗೋಡೆಯ ಮೇಲಿಂದ ತಲೆ ಹಾಕಿದಳು.

“ಪಂಪಕ್ಕಾ, ನಮ್ಮ ಕೋಳಿ ತತ್ತಿ ಇಡೋದು ಬಿಟ್ಟೈತಿ ನೋಡು. ಸ್ವಲ್ಪ ಮೆತ್ತಗ ಲೆಕ್ಕ ಮಾಡು ಅಂತ ಹೇಳು ನಿನ್ ತಮ್ಮಗ.”

“ಅವನ ಲಗ್ನದ್ದು ಐತೆವ್ವಾ.”

“ಅವನ ಲಗ್ನಕ್ಕ ನನ್ ಕೋಳಿ ಯಾಕ ವ್ರತ ಹಿಡೀಬೇಕಬೇ?”

ಸಾಹೇಬರು ಬಂದರು. ಊರಿಗೆ ಮೊದಲ ಆಘಾತ ಅಲ್ಲಿಯೇ. ಜೀಪು, ಹ್ಯಾಟು, ದಪ್ಪ ಹೊಟ್ಟೆ ಇವುಗಳಿಗಾಗಿ ಕಾಯುತ್ತಿದ್ದವರ ಮುಂದೆ ಲಿಂಗಸೂಗೂರಿನ ಬಸ್ಸಿನಿಂದ ಸಣಕಲು ಮನುಷ್ಯನೊಬ್ಬ ಕನ್ನಡಕ ಒರೆಸಿಕೊಳ್ಳುತ್ತ ಇಳಿದ. ಹೆಸರು ಸೇತುರಾಯರು. ಹೆಗಲಿಗೆ ಬಟ್ಟೆಯ ಚೀಲ, ಚೀಲದ ತುಂಬ ಹುಣಸೆ ಬೀಜ. ಹೈದರಾಬಾದಿನಿಂದ ಹುಣಸೆ ಬೀಜ ಹೊತ್ತುಕೊಂಡು ಮಸ್ಕಿಗೆ ಬರುವ ಮನುಷ್ಯನನ್ನು ನಮ್ಮೂರು ಕಂಡಿರಲಿಲ್ಲ. ಅವರು ಮಾತಾಡುತ್ತಿದ್ದದ್ದು ಪುಸ್ತಕದಲ್ಲಿ ಅಚ್ಚಾದಂಥ ಕನ್ನಡ.

“ಮಕ್ಕಳೇ, ಏಳಕ್ಕೆ ಎಂಟನ್ನು ಕೂಡಿಸಿದರೆ?”

“ಹದಿನೈದು!” ಮಠದ ಮಾಡಿನಿಂದ ಪಾರಿವಾಳಗಳು ಎದ್ದು ಹೋದವು.

“ಹನ್ನೆರಡರಲ್ಲಿ ಐದನ್ನು ಕಳೆದರೆ?”

“ಏಳು!”

ನಾವು ಹೆಂಗಸರು ಕಟ್ಟೆಯ ಮೇಲೆ ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡೆವು. ಆದರೆ ಸಾಹೇಬರ ಮುಖ ಒಂದೊಂದು ಉತ್ತರಕ್ಕೂ ಇಳಿಯುತ್ತ ಹೋಯಿತು. ಕೊನೆಗೆ ಅವರು ಕೇಳಿದರು, “ಏಳು ಎಂದು ಹೇಗೆ ಗೊತ್ತಾಯಿತು?”

ಆ ಪ್ರಶ್ನೆ ತಾಲೀಮಿನಲ್ಲಿ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಹಿಂದಿನ ಸಾಲಿನಿಂದ ಒಂದು ದನಿ ಬಂತು. “ಮಾಸ್ತರ ಹೇಳ್ಯಾರ್ರೀ.”

ಸಾಹೇಬರು ನನ್ನ ತಮ್ಮನ ಕಡೆ ತಿರುಗಿದರು. “ನಿಮಗೆ ಹೇಗೆ ಗೊತ್ತಾಯಿತು?”

“ನಮ್ಮ ಮಾಸ್ತರು ಹೇಳಿದ್ರು ಸಾಹೇಬ್ರ.”

ಸಾಹೇಬರು ಪೆನ್ನಿಗೆ ಟೊಪ್ಪಿಗೆ ಹಾಕಿದರು. “ಎಲ್ಲವೂ ಸರಿಯಾಗಿದೆ. ಇದರಿಂದ ನನಗೆ ಏನೂ ಉಪಯೋಗವಿಲ್ಲ,” ಎಂದರು.

ಎಲ್ಲ ಸರಿಯಿದ್ದರೆ ಉಪಯೋಗವಿಲ್ಲ! ನನ್ನ ತಮ್ಮ ಬಾಯಿ ತೆರೆದವನು ಮುಚ್ಚಲು ಮರೆತ. ಹಸೀನಾಬೀ ನನ್ನ ತೊಡೆ ಚಿವುಟಿದಳು.

ಎದ್ದು ಹೊರಡುವ ಮುಂಚೆ ಸಾಹೇಬರಿಗೆ ಹೊತ್ತುತಂದ ಬೀಜದ ನೆನಪಾಯಿತು. ನಮ್ಮ ಮನೆಯಿಂದ ಒಂದು ಮೊರ (ನಮ್ಮ ಬಾಯಲ್ಲಿ ಅದು ‘ಮರ’) ತರಿಸಿ, ಮುಂದೆ ಕುಳಿತಿದ್ದ ಹುಡುಗಿಯ ಎದುರಿಗೆ ಇಟ್ಟು, ಅದರಲ್ಲಿ ಐದು ಬೀಜ ಹಾಕಿದರು. ಆಕೆ ಸಂತೆಯಲ್ಲಿ ಜೋಳ ಅಳೆಯುವ ಗದ್ದೆಪ್ಪನ ಮಗಳು ಯಂಕಮ್ಮ.

“ಎಣಿಸಮ್ಮ.”

“ಲಾಭ, ಎರಡು, ಮೂರು, ನಾಕು, ಐದು.”

ರಾಶಿಯ ಮುಂದೆ ನಮ್ಮಲ್ಲಿ ಯಾರೂ ‘ಒಂದು’ ಅನ್ನುವುದಿಲ್ಲ. ಮೊದಲನೆಯ ಸೇರು ಲಾಭವೇ. ಸಾಹೇಬರು ಹುಬ್ಬೇರಿಸಿದರು. “ಈಗ ಐದೂ ತೆಗೆದುಕೊ.”

ಯಂಕಮ್ಮ ನಾಲ್ಕು ತೆಗೆದುಕೊಂಡು ಕೈ ಕಟ್ಟಿ ಕುಳಿತಳು.

“ಐದೂ ತೆಗೆಯಬೇಕು.”

“ತೆಗದೀನ್ರೀ.”

“ಮೊರದಲ್ಲಿ ಒಂದು ಉಳಿದಿದೆಯಲ್ಲ?”

“ಉಳೀಬೇಕ್ರೀ. ಮರ ಬರೇ ಬಿಡಬಾರದು.”

“ಹಾಗಾದರೆ ಐದರಲ್ಲಿ ಐದು ಹೋದರೆ ಎಷ್ಟು?”

“ಒಂದ್ರೀ.”

ನನ್ನ ತಮ್ಮ ಹಣೆ ಚಚ್ಚಿಕೊಂಡ. ಆ ಹುಡುಗಿಯದು ತಪ್ಪು ಅನ್ನುವುದು ನಮಗೆ ಹೇಗೆ ಸಾಧ್ಯ? ರಾಶಿ ಅಳೆದು ಮುಗಿಸುವಾಗ ಕಣದಲ್ಲಿ ಒಂದು ಹಿಡಿ ಬಿಡುತ್ತಾರೆ. ಜೋಳದ ಗಡಿಗೆಯ ತಳವನ್ನು ನಾನು ಎಂದೂ ಬಳಿದವಳಲ್ಲ. ಹಸೀನಾಬೀ ನನ್ನ ಬೋಗುಣಿ ತಿರುಗಿ ಕೊಟ್ಟರೆ ಅದರಲ್ಲಿ ಏನಿಲ್ಲವೆಂದರೂ ಒಂದು ಉಳ್ಳಾಗಡ್ಡಿ ಇರುತ್ತಿತ್ತು. ಬರಿದು ಮಾಡಿದರೆ ಲಕ್ಷ್ಮಿ ಹೋಗುತ್ತಾಳೆ ಎಂದು ನಾನು, ಬರ್ಕತ್ ಹೋಗುತ್ತದೆ ಎಂದು ಅವಳು. ಒಟ್ಟಿನಲ್ಲಿ ಹೋಗುತ್ತದೆ. ಆದರೆ ಅದನ್ನು ಹೈದರಾಬಾದಿನ ಸಾಹೇಬರ ಮುಂದೆ ಲೆಕ್ಕವೆಂದು ಹೇಳುವುದೇ!

ಎಲ್ಲರೂ ಬೈಗುಳಕ್ಕಾಗಿ ಕಾದೆವು. ಸಾಹೇಬರು ಕುಣಿಯುವುದೊಂದು ಬಾಕಿ. “ಶಹಬಾಸ್ ಮಗೂ! ಮೂರು ತಾಲೂಕು ಅಲೆದದ್ದಕ್ಕೆ ಈಗ ಸಾರ್ಥಕವಾಯಿತು!” ಎಂದು ಜೇಬಿನಿಂದ ಪೆಪ್ಪರಮಿಂಟು ತೆಗೆದು ಯಂಕಮ್ಮನ ಕೈಯಲ್ಲಿಟ್ಟರು. ಪೆನ್ನಿನ ಟೊಪ್ಪಿಗೆ ಹಾರಿತು. ಅಲ್ಲಿಯೇ ನೆಲದ ಮೇಲೆ ಕುಳಿತು ಬರೆದರು, ಬರೆದರು, ಬಸ್ಸು ಹಾರ್ನ್ ಹೊಡೆಯುವವರೆಗೆ ಬರೆದರು. “ಸಿಂಧನೂರಿನಲ್ಲಿ ಕೆಲಸವಿದೆ. ಮುಗಿಸಿ ಮತ್ತೆ ಬರುತ್ತೇನೆ. ಆಗ ಮಾಸ್ತರರ ಸರದಿ,” ಎಂದು ಹೇಳಿ ಓಡಿದರು.

ಸರಿ ಹೇಳಿದವರಿಗೆ ಸಪ್ಪೆ ಮುಖ. ತಪ್ಪು ಹೇಳಿದವಳಿಗೆ ಪೆಪ್ಪರಮಿಂಟು. ಊರಿಗೆ ಊರೇ ಬೇವಿನ ಕಟ್ಟೆಗೆ ಬಂದು ನಿಂತಿತು. ಗುಟ್ಟು ಬಿಚ್ಚಿದವನು ಬಸ್ಸಪ್ಪ.

“ಇಷ್ಟೂ ತಿಳೀಲಿಲ್ಲೇನ್ರೋ? ಸಾಹೇಬ್ರು ತಪ್ಪು ಹುಡುಕಾಕ ಬಂದಾರ. ಎಲ್ಲಿ ಹೆಚ್ಚು ತಪ್ಪು ಸಿಗತಾವೋ ಆ ಶಾಲಿ ಹೆಸರು ಮ್ಯಾಲ ಹೋಗ್ತೈತಿ. ಮಾಸ್ತರ ಕಾಯಂ ಆಗ್ತಾನ.”

“ತಪ್ಪು ಯಾತಕ್ಕೋ ಸರಕಾರಕ್ಕ?”

“ಹೊಸ ಸರಕಾರ. ಏನೇನು ಬೇಕೋ ಅದಕ್ಕ.”

ಇದಕ್ಕಿಂತ ಸ್ಪಷ್ಟವಾದ ವಿವರಣೆ ನಮ್ಮೂರಿಗೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ. ಅರಿವೆ ಅಂಗಡಿಯ ಜಂಬಣ್ಣನಿಗೆ ಮಾತ್ರ ಸಿಟ್ಟು ತಲೆಗೇರಿತು. ಅವನ ಮಗ ಎಲ್ಲ ಸರಿ ಹೇಳಿ ಬರಿಗೈಲಿ ಮನೆಗೆ ಬಂದಿದ್ದ.

“ಏನ್ ಮಾಸ್ತರ್ರ, ಅಕ್ಷರ ಕಲ್ತಾಗಿಂದ ನಿಮ್ ಕಡೆ ಕಳಸೀನಿ. ಒಂದ್ ತಪ್ಪು ಹೇಳಾಕ ಬರಂಗಿಲ್ಲ ನನ್ ಮಗಗ! ಏನ್ ಕಲಿಸೀರಿ ನೀವು?”

“ಕಲಸ್ತೀನ್ರಿ ಜಂಬಣ್ಣಾರ, ಕಲಸ್ತೀನಿ,” ಎಂದು ನನ್ನ ತಮ್ಮ ಕೈ ಮುಗಿದ.

ಗದ್ದೆಪ್ಪ ಒಂದೇ ದಿನದಲ್ಲಿ ಊರ ಗಣ್ಯನಾದ. “ನಮ್ ಮನಿತನದಾಗ ಮೊದಲಿಂದ ಹಂಗ ಐತ್ರೀ. ನಮ್ಮಪ್ಪಗೂ ಲೆಕ್ಕ ಬರ್ತಿದ್ದಿಲ್ಲ,” ಎಂದು ಮೀಸೆ ತಿರುವಿದ.

ಮರುದಿನದಿಂದ ಮಠದ ಪಡಸಾಲೆಯಲ್ಲಿ ಹೊಸ ತಾಲೀಮು. “ಎರಡಕ್ಕ ಮೂರು?” “ಹನ್ನೊಂದು!” “ಹತ್ತರಾಗ ಒಂದು ಹೋದ್ರ?” “ನಲವತ್ತು!” ಒಬ್ಬ ಹುಡುಗ ಮರೆತು ಒಂಬತ್ತು ಅಂದದ್ದಕ್ಕೆ ಬೆಂಚು ಇಲ್ಲದ ಶಾಲೆಯಲ್ಲಿ ಕಟ್ಟೆ ಹತ್ತಿ ನಿಲ್ಲಬೇಕಾಯಿತು. ಹಸೀನಾಬೀ ಗೋಡೆಯ ಮೇಲಿಂದ ತಲೆ ಹಾಕಿದಳು. ಈ ಸಲ ಕೋಳಿಯ ದೂರಿರಲಿಲ್ಲ.

“ಯಾ ಅಲ್ಲಾ! ಪಂಪಕ್ಕಾ, ನಿನ್ ತಮ್ಮಗ ಬಿಸಿಲು ಬಡದೈತೇನಬೇ?”

ನಾನು ರೊಟ್ಟಿ ಬಡಿಯುವುದು ನಿಲ್ಲಿಸಿ ತಮ್ಮನನ್ನು ಕರೆದೆ. “ಲೇ ತಮ್ಮಾ, ಸಾಹೇಬ್ರು ತಿರುಗಿ ಬಂದಾಗ ನಿಮಗ ಏನ್ ಬೇಕ್ರೀ ಅಂತ ಒಂದ್ ಮಾತು ಕೇಳಬಾರದ?”

“ಅಕ್ಕಾ, ಸರಕಾರಕ್ಕ ಯಾಕ ಅಂತ ಯಾರರ ಕೇಳ್ತಾರೇನು?” ಎಂದು ಅವನು ನನ್ನನ್ನೇ ದಡ್ಡಿಯಂತೆ ನೋಡಿದ.

ಸಂತೆಯ ದಿನ ವಿಷಯ ಪಡಸಾಲೆ ದಾಟಿತು. ಗದ್ದೆಪ್ಪ ವಳಕಮದಿನ್ನಿಯ ರೈತನೊಬ್ಬನಿಗೆ ಜೋಳ ಅಳೆಯುತ್ತಿದ್ದ. “ಲಾಭ, ಎರಡು, ಮೂರು, ಏಳು...” ರೈತ ಅವನ ಅಂಗಿಯ ಕೊರಳು ಹಿಡಿದ. ಗದ್ದೆಪ್ಪ ಒಂದಿಷ್ಟೂ ಅಳುಕದೆ, “ಕೊರಳು ಬಿಡಪಾ. ಸರಕಾರಿ ಲೆಕ್ಕ ಇದು. ನಮ್ ಮಾಸ್ತರ ಕಲಸಾಕತ್ತಾನ, ಹೋಗಿ ಕೇಳು,” ಎಂದ. ರೈತ ಬಂದು ಮಠದ ಮುಂದೆ ನಿಂತು ಕಿವಿಯಾರೆ ಕೇಳಿದ. ಎರಡಕ್ಕೆ ಮೂರು ಹನ್ನೊಂದು. ಅವನು ಜೋಳ ಅಲ್ಲಿಯೇ ಬಿಟ್ಟು ಬಂಡಿ ಹೂಡಿದ. ಅವನ ದಾರಿಯಲ್ಲಿ ಜವಳಗೇರಾ ಇತ್ತು. ಜವಳಗೇರಾದ ಕಟ್ಟೆಯ ಮೇಲೆ ದೊಡ್ಡಬಸಪ್ಪ ಕುಳಿತಿದ್ದ.

ಸಾಹೇಬರು ಸಿಂಧನೂರಿನಿಂದ ಮರಳಿದ ದಿನ ಊರು ಕೆಲಸ ಬಿಟ್ಟಿತ್ತು. ಮಕ್ಕಳಿಗೆಲ್ಲ ಎಣ್ಣೆ ಹಚ್ಚಿ ಬೈತಲೆ ತೆಗೆದಿದ್ದರು. ಸಾಹೇಬರು ನಗುನಗುತ್ತ ಕುಳಿತರು.

“ಎರಡಕ್ಕೆ ಮೂರನ್ನು ಕೂಡಿಸಿದರೆ?”

“ಹನ್ನೊಂದು!”

ಸಾಹೇಬರ ನಗೆ ಅರ್ಧಕ್ಕೆ ನಿಂತಿತು. “ಹತ್ತರಲ್ಲಿ ಒಂದನ್ನು ಕಳೆದರೆ?”

“ನಲವತ್ತು!” ಜಂಬಣ್ಣನ ಮಗನದು ಎಲ್ಲರಿಗಿಂತ ಗಟ್ಟಿ ದನಿ. ಜಂಬಣ್ಣ ಕಣ್ಣೊರೆಸಿಕೊಂಡ.

“ನಲವತ್ತು ಎಂದು ಹೇಗೆ ಗೊತ್ತಾಯಿತು?”

ಈ ಸಲ ತಡವಾಗಲಿಲ್ಲ. ಇಡೀ ಪಡಸಾಲೆ ಕೂಗಿತು. “ಮಾಸ್ತರ ಹೇಳ್ಯಾರ್ರೀ!”

ಸಾಹೇಬರು ಕನ್ನಡಕ ತೆಗೆದರು. “ಮಾಸ್ತರರೇ, ತಪ್ಪನ್ನೂ ಬಾಯಿಪಾಠ ಮಾಡಿಸಿದ್ದೀರಾ?”

ಉತ್ತರ ಬಂದದ್ದು ಬೀದಿಯಿಂದ. ಅಲ್ಲಿ ಬಂಡಿಯೊಂದು ನಿಂತಿತ್ತು. ಬಂಡಿಯಿಂದ ಕೆಂಪು ರುಮಾಲಿನ ದೊಡ್ಡಬಸಪ್ಪ ಇಳಿಯುತ್ತಿದ್ದ. ‘ನಲವತ್ತು’ ಕಿವಿಗೆ ಬಿದ್ದು ಅವನ ಒಂದು ಕಾಲು ಗಾಲಿಯ ಮೇಲೆಯೇ ಉಳಿದಿತ್ತು.

“ಖರೇ ಐತಲ್ಲೋ ಯಪ್ಪಾ! ನಾ ಸುಳ್ಳು ಅಂದ್ಕೊಂಡು ಬಂದೆ. ಪಂಪವ್ವಾ, ನಾಳೆ ನನ್ ಮಗಳಿಗೆ ಎರಡು ಮಕ್ಕಳಾದ್ರ ಈತ ಎಷ್ಟು ಅಂತ ಊರಿಗೆ ಹೇಳ್ತಾನಬೇ?”

ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಸಾಹೇಬರಿಗೆ ಈ ನೆಂಟಸ್ತನದ ಸುದ್ದಿ ಗೊತ್ತಿರಲಿಲ್ಲ. ಅವರು ನಮ್ಮ ಮೊರವನ್ನು ನನ್ನ ತಮ್ಮನ ಮುಂದೆ ಸರಿಸಿ ಐದು ಬೀಜ ಹಾಕಿದರು. “ಮಕ್ಕಳು ಸಾಕು. ನೀವು ಹೇಳಿ. ಐದರಲ್ಲಿ ಐದು ಹೋದರೆ?”

ಎಡಕ್ಕೆ ಸಾಹೇಬರು, ಬಲಕ್ಕೆ ದೊಡ್ಡಬಸಪ್ಪ. ಸರಿ ಹೇಳಿದರೆ ಎಡಗಡೆಯ ಮುಖ ಸಪ್ಪಗಾಗಿ ಕಾಯಂ ಹೋಗುತ್ತದೆ. ತಪ್ಪು ಹೇಳಿದರೆ ಬಲಗಡೆಯ ಬಂಡಿ ತಿರುಗಿ ಸಂಗಮ್ಮ ಹೋಗುತ್ತಾಳೆ. ನನ್ನ ತಮ್ಮ ಎಡಕ್ಕೆ ನೋಡಿದ. ಬಲಕ್ಕೆ ನೋಡಿದ. ತುಟಿ ಅಲುಗಿತು. “ಪಾಂಚ್... ಚಾರ್... ತೀನ್...” ಅವನು ಕಣ್ಣು ಮುಚ್ಚಿ, ಐದೂ ಬೀಜಗಳನ್ನು ಒಂದೇ ಬಾಚಿಗೆ ಬಾಚಿ, ಮುಷ್ಟಿ ಕಟ್ಟಿ ಕೂಗಿದ. “ಸೊನ್ನಿ!”

ಸರಿಯಾದ ಉತ್ತರ. ಅದನ್ನು ಕೇಳಿ ಇಡೀ ಊರು ಸಿಡಿಲು ಹೊಡೆದಂತೆ ನಿಂತುಬಿಟ್ಟಿತು. ಹೆಂಗಸರು ಕೆನ್ನೆ ಬಡಿದುಕೊಂಡರು. “ತೋಬಾ ತೋಬಾ,” ಅಂದಳು ಹಸೀನಾಬೀ. ದೊಡ್ಡಬಸಪ್ಪನ ಇನ್ನೊಂದು ಕಾಲೂ ಗಾಲಿಯಿಂದ ಕೆಳಗಿಳಿಯಿತು.

“ಲಗ್ನದ ಮಾತು ಹಿಡಕೊಂಡು ಬಾಗಲಿಗೆ ಬಂದ ಮನುಷ್ಯಾನ ಮುಂದ ಮರ ಬರೇ ಮಾಡಿದ್ಯಲ್ಲೋ! ಒಂದ್ ಬೀಜರ ಬಿಡಬಾರದಾಗಿತ್ತ? ನನ್ ಮಗಳನ್ನ ಬರೇ ಮರದ ಮನಿಗೆ ಕೊಡ್ಲೇನು?”

ಸಾಹೇಬರ ಕತ್ತು ಮೆಲ್ಲಗೆ ಬಲಕ್ಕೆ ತಿರುಗಿತು. “ಯಜಮಾನರೇ, ತಮ್ಮ ಅಭಿಪ್ರಾಯದಲ್ಲಿ ಐದರಲ್ಲಿ ಐದು ಹೋದರೆ ಎಷ್ಟು?”

“ಒಂದು!” ಎಂದ ದೊಡ್ಡಬಸಪ್ಪ. “ಐದರಾಗ ಐದು ಹೋದ್ರೂ ಒಂದು, ನೂರರಾಗ ನೂರು ಹೋದ್ರೂ ಒಂದು. ಒಂದ್ ಉಳೀಬೇಕು. ಸಣ್ಣ ಕೂಸಿಗೂ ಗೊತ್ತೈತಿ!”

“ನಾ ಅದನ್ನ ಹೇಳಿದ್ನಲ್ರೀ!” ಎಂದು ಯಂಕಮ್ಮ ಎದ್ದು ನಿಂತು ಇನ್ನೊಂದು ಪೆಪ್ಪರಮಿಂಟಿಗೆ ಕೈ ಚಾಚಿದಳು.

ಸಾಹೇಬರ ಪೆನ್ನಿನ ಟೊಪ್ಪಿಗೆ ಮತ್ತೆ ಹಾರಿತು. ಆದರೆ ಅವರು ಬರೆಯಲಿಲ್ಲ. ನನ್ನ ತಮ್ಮನ ಹತ್ತಿರ ಜರುಗಿ ಕುಳಿತು ಕೇಳಿದರು. “ಅವರು ಒಂದು ಅಂದರು. ನೀವು ಸೊನ್ನೆ ಅಂದಿರಿ. ಸೊನ್ನೆ ಎಂದು ನಿಮಗೆ ಹೇಗೆ ಗೊತ್ತಾಯಿತು?”

ಇದನ್ನು ಅವನಿಗೆ ಯಾವ ಮಾಸ್ತರೂ ಹೇಳಿಕೊಟ್ಟಿರಲಿಲ್ಲ. ಅವನು ಮುಷ್ಟಿ ಬಿಚ್ಚಿ ಬೀಜ ನೋಡಿದ. ದೊಡ್ಡಬಸಪ್ಪನನ್ನು ನೋಡಿದ. ಒಂದು ಬೀಜ ಆರಿಸಿ ಮೆಲ್ಲಗೆ ಮೊರದಲ್ಲಿ ಇಟ್ಟ.

“ಹಲಗಿ ಮ್ಯಾಲ ಸೊನ್ನಿ ಬರೀತೀವ್ರೀ. ಮನ್ಯಾಗ ಬರೇದು ಬಿಡಂಗಿಲ್ಲ. ಹಲಗಿ ಲೆಕ್ಕ ಬ್ಯಾರೆ, ಮನಿ ಲೆಕ್ಕ ಬ್ಯಾರೆ ಅಂತ ನಾ ಮಕ್ಕಳಿಗೆ ಹೇಳಿಲ್ಲ ಸಾಹೇಬ್ರ. ನೀವು ಮರ ಇಟ್ಟು ಕೇಳಿದ್ರಿ, ಆಕಿ ಮನಿ ಲೆಕ್ಕ ಹೇಳಿದ್ಲು. ಹಲಗಿ ಕೊಟ್ಟು ಕೇಳ್ರಿ.”

ಸಾಹೇಬರು ಯಂಕಮ್ಮನಿಗೆ ಹಲಗೆ ಬಳಪ ಕೊಟ್ಟರು. ಅವಳು ಐದು ಬರೆದು, ಕೆಳಗೆ ಐದು ಬರೆದು, ಗೆರೆ ಎಳೆದು, ದುಂಡಗೆ ಸೊನ್ನೆ ಸುತ್ತಿದಳು. ಸುತ್ತಿ, ಮೊರದಲ್ಲಿ ಬೀಜ ಇದೆಯೇ ಎಂದು ಒಮ್ಮೆ ನೋಡಿಕೊಂಡಳು.

ನಾನು ಗಮನಿಸಿದ್ದು ಬೇರೆ. ನನ್ನ ತಮ್ಮ ಅಷ್ಟೂ ಮಾತನ್ನು ಕನ್ನಡದಲ್ಲಿ ಹೇಳಿದ್ದ.

ಸಾಹೇಬರು ಬರೆದು ಮುಗಿಸುವವರೆಗೆ ದೊಡ್ಡಬಸಪ್ಪ ತಡೆದುಕೊಂಡ. ಆಮೇಲೆ ಕೆಮ್ಮಿದ. “ಆಯ್ತಲ್ರೀ ಸಾಹೇಬ್ರ? ಹಂಗಾರ ಈತ ಕಾಯಂ ಆದಂಗ?”

“ಕಾಯಂ?” ಸಾಹೇಬರು ತಲೆಯೆತ್ತಿದರು. “ಅದಕ್ಕೂ ನನಗೂ ಏನು ಸಂಬಂಧ? ನಾನು ತನಿಖೆಗೆ ಬಂದವನಲ್ಲ. ಮಕ್ಕಳು ಲೆಕ್ಕವನ್ನು ಹೇಗೆ ಯೋಚಿಸುತ್ತಾರೆ, ಮಾಸ್ತರರು ಹೇಗೆ ಯೋಚಿಸುತ್ತಾರೆ ಎಂದು ತಿಳಿಯಲು ಬಂದಿದ್ದೇನೆ.”

“ತಿಳಕೊಂಡು?”

“ತಿಳಿದುಕೊಳ್ಳುವುದೇ ಕೆಲಸ.”

“ಇದು ನೌಕರೀನಾ? ಮತ್ತ ನೀವರ ಕಾಯಂ ಅದೀರೋ ಇಲ್ಲೋ?”

“ಇಲ್ಲ,” ಎಂದರು ಸಾಹೇಬರು ಕನ್ನಡಕ ಒರೆಸುತ್ತ. “ನಾನೂ ಹಂಗಾಮಿಯೇ.”

ಆ ದಿನದ ಆಘಾತಗಳಲ್ಲಿ ಇದು ಎಲ್ಲಕ್ಕಿಂತ ದೊಡ್ಡದು. ಊರಿನ ಕಣ್ಣುಗಳೆಲ್ಲ ಜವಾನ ಬಸ್ಸಪ್ಪನ ಕಡೆ ತಿರುಗಿದವು. ಬಸ್ಸಪ್ಪ ಸೈಕಲ್ಲಿನ ಗಾಲಿಗೆ ಗಾಳಿ ಹೊಡೆಯುವುದರಲ್ಲಿ ತಲ್ಲೀನನಾಗಿದ್ದ. ಆ ಗಾಲಿ ಮೊದಲೇ ಕಲ್ಲಿನಂತೆ ಗಟ್ಟಿಯಿತ್ತು.

ದೊಡ್ಡಬಸಪ್ಪ ನಮ್ಮ ಕಟ್ಟೆಯ ಮೇಲೆ ಕುಳಿತು ರುಮಾಲು ತೆಗೆದು ಗಾಳಿ ಹಾಕಿಕೊಂಡ. “ಹೈದರಾಬಾದ್ ಸಾಹೇಬನೇ ಹಂಗಾಮಿ ಅಂದಮ್ಯಾಲ ಈ ರಾಜ್ಯದಾಗ ಕಾಯಂ ಯಾರದಾರಬೇ ಪಂಪವ್ವಾ?”

“ಯಾರೂ ಇಲ್ಲ ಬಿಡ್ರೀ,” ಎಂದೆ ನಾನು.

ಅವನು ಮೊರದ ಕಡೆ ನೋಡಿದ. ಅದರ ನಟ್ಟನಡುವೆ ಆ ಒಂದು ಬೀಜ ಕೂತಿತ್ತು. “ತಪ್ಪು ಮಾಡಿದ. ಆದ್ರ ತಾನಾಗಿ ತಿರುಗಿ ಇಟ್ಟ. ಯಾರೂ ಹೇಳಲಿಲ್ಲ ಅವಗ.” ರುಮಾಲು ತಲೆಗೆ ಏರಿತು. “ಎಲಿಅಡಿಕಿ ತಗೊಂಬಾ. ಹಂಗಾಮಿ ಆದ್ರ ಹಂಗಾಮಿ.”

ಸಾಹೇಬರು ಹೊರಟಾಗ ನಾನು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತುಂಬಿ ಹಿತ್ತಾಳೆಯ ಡಬ್ಬಿ ಕೊಟ್ಟೆ. ಅವರು ಬಸ್ಸಿನ ಕಿಟಕಿಯಿಂದ ಡಬ್ಬಿ ಎತ್ತಿ ತೋರಿಸಿ, “ತಪ್ಪದೇ ಕಳಿಸುತ್ತೇನೆ ತಾಯಿ,” ಎಂದು ಕೂಗಿದರು. ದೊಡ್ಡ ಊರಿನವರು ಡಬ್ಬಿ ತಿರುಗಿ ಕೊಡುವುದಿಲ್ಲ ಎಂದು ಹಸೀನಾಬೀ ಅಲ್ಲಿಯೇ ತೀರ್ಪು ಕೊಟ್ಟಳು.

ಲಗ್ನವಾಗಿ, ಸಂಗಮ್ಮ ನಮ್ಮ ಮನೆಗೆ ಬಂದು, ಬಳೆಯ ಸದ್ದು ಓಣಿಗೆ ಪರಿಚಯವಾದ ಮೇಲೆ ಒಂದು ದಿನ ಬಸ್ಸಪ್ಪನ ಸೈಕಲ್ಲು ಮತ್ತೆ ಕಟ್ಟೆಗೆ ಒರಗಿತು. ನನ್ನ ತಮ್ಮ ಕುಳ್ಳು ಎಣಿಸುತ್ತಿದ್ದ. “ಆರು, ಏಳು...” ಸೈಕಲ್ಲು ಕಂಡದ್ದೇ “ಆಠ್, ನೌ,” ಎಂದ. ಕಾಯಂ ಹುಕುಮೋ, ಮನೆಗೆ ಹೋಗೆನ್ನುವ ಹುಕುಮೋ ಎಂದು ನಾನೂ ಲಟ್ಟಣಿಗೆ ಕೈಯಲ್ಲೇ ಹಿಡಿದು ಬಂದೆ. ಬಸ್ಸಪ್ಪ ಚೀಲದಿಂದ ಹುಕುಮು ತೆಗೆಯಲಿಲ್ಲ. ನಮ್ಮ ಹಿತ್ತಾಳೆಯ ಡಬ್ಬಿ ತೆಗೆದ. ಫಳಫಳ ತಿಕ್ಕಿಸಿದ್ದರು.

ಸಂಗಮ್ಮ ಮುಚ್ಚಳ ತೆರೆದಳು.

“ಅಕ್ಕಾರ, ತೊಳದದ್ದು ಸರಿ ಆಗಿಲ್ಲೇನ್ರೀ? ತಳದಾಗ ಒಂದ್ ಹುಣಸಿ ಬೀಜ ಉಳದೈತಿ.”

ನಾನು ಬಾಯಿ ತೆರೆಯುವ ಮುಂಚೆ ಹಿತ್ತಲಿನಿಂದ ನನ್ನ ತಮ್ಮನ ದನಿ ಬಂತು, ಅಚ್ಚ ಕನ್ನಡದಲ್ಲಿ.

“ಅದು ಬೀಜ ಅಲ್ಲ, ಸೊನ್ನಿ. ಅಲ್ಲೇ ಬಿಡು. ...ಎಂಟು, ಒಂಬತ್ತು, ಹತ್ತು.”